ಕಾಲು ನಾಲ್ಕು

ಸ್ಕೀ ಮಾಡದ ಅತಿಥಿಗಳಿಗೆ ನಾನು ಬರೆದುಕೊಡುವ ಹಾಳೆಯ ಕೊನೆಯ ಸಾಲು ಯಾವಾಗಲೂ ಒಂದೇ: 'ಏನಾದರೂ ತಪ್ಪಿದರೆ ಬೆಚ್ಚಗಿರುವ ಕಡೆ ಕುಳಿತುಕೊಳ್ಳಿ. ನಾನು ಬರುತ್ತೇನೆ.' ಆ ಸಾಲನ್ನು ಓದಿ ನನ್ನ ಗಂಡ ಎಗೊನ್ ಹನ್ನೊಂದು ವರ್ಷದಿಂದ ನಗುತ್ತಿದ್ದಾನೆ.

"ಆರಾಮಾಗಿರಕ್ಕೆ ಅಂತ ಬಂದೋರನ್ನ ಹೆದರಿಸಿ ಕಳಿಸ್ತೀಯಲ್ಲೇ ಹೆಡಿ" ಎನ್ನುತ್ತಾನೆ.

ಬೆಟ್ಟಗಳ ನಡುವಿನ ನಮ್ಮ ಊರು ಓಬರ್‌ಟಾಲ್‌ಗೆ ಚಳಿಗಾಲದಲ್ಲಿ ಬರುವವರೆಲ್ಲ ಕಾರಿನ ಮೇಲೆ ಸ್ಕೀ ಕಟ್ಟಿಕೊಂಡೇ ಬರುತ್ತಾರೆ. ನಮ್ಮ ಮನೆಗೆ ಬರುವವರು ಮಾತ್ರ ಹಾಗಲ್ಲ. ಮೂರು ಕೋಣೆ, ವಾರಕ್ಕೆ ಮೂರು ಜೋಡಿ. ಅವರಿಗೆ ಬೆಟ್ಟ ಬೇಕು, ಹಿಮ ಬೇಕು, ಕಾಲು ಮುರಿದುಕೊಳ್ಳುವುದು ಬೇಡ. ಸೋಮವಾರ ಕುದುರೆ ಬಂಡಿ, ಮಂಗಳವಾರ ಬಿಸಿನೀರಿನ ಕೊಳ. ಬುಧವಾರಕ್ಕೆ 'ಏನೂ ಇಲ್ಲ' ಎಂದು ಬರೆದಿರುತ್ತೇನೆ. ಹಾಗೆ ಬರೆದುಕೊಡದಿದ್ದರೆ ಸುಮ್ಮನೆ ಕೂರಲು ಜನಕ್ಕೆ ಧೈರ್ಯ ಬರುವುದಿಲ್ಲ. ಗುರುವಾರ ತಂತಿಯ ಮೇಲೆ ಸಾಗುವ ತೂಗುಡಬ್ಬಿಯಲ್ಲಿ ಮೇಲಿನ ಬಯಲಿಗೆ ಹೋಗಿ, ಹದಮಾಡಿದ ಹಿಮದ ಹಾದಿಯಲ್ಲಿ ಎರಡು ಗಂಟೆ ನಡೆದು, ಬಿಸಿಲಿಗೆ ಕೂತು, ನಾನು ಕಟ್ಟಿಕೊಟ್ಟ ಕೇಕು ತಿಂದು ಇಳಿದುಬರುವುದು. ವಾರ ಪೂರ್ತಿ ಫೋನುಗಳು ಒಲೆಯ ಪಕ್ಕದ ಬುಟ್ಟಿಯಲ್ಲಿರಬೇಕು. ಅದೂ ನನ್ನದೇ ಯೋಜನೆ.

ಜನವರಿಯ ಆ ಗುರುವಾರ ಬೆಳಿಗ್ಗೆ ಕೆಳಗಿನ ನಿಲ್ದಾಣದ ಫೆರ್ಡಿ ಫೋನ್ ಮಾಡಿದ.

"ಸಂಜೆ ಗಾಳಿ ಏಳತ್ತಂತೆ ಹೆಡಿ. ಕೊನೇ ಡಬ್ಬಿ ಇವತ್ತು ಕಾಲು ನಾಲ್ಕಕ್ಕೆ. ನಿನ್ನ ನಡೆಯೋ ಮಂದಿಗೆ ಹೇಳ್ಬಿಡು."

ಹಾಳೆಯಲ್ಲಿದ್ದ ನಾಲ್ಕೂವರೆ ಗಂಟೆಯನ್ನು ಹೊಡೆದುಹಾಕಿ, ಮೇಲೆ 'ಕಾಲು ನಾಲ್ಕು' ಎಂದು ಬರೆದೆ. ಅಂಕಿಗಳಲ್ಲಿ ಬರೆಯಲಿಲ್ಲ. ಅಂಕಿಗಳನ್ನು ನಾನು ನಂಬುವುದಿಲ್ಲ. ಅವಸರದಲ್ಲಿ ಬರೆದ 1 ಎಂಬುದು 7ರ ಹಾಗೆ ಕಾಣುತ್ತದೆ. ಗ್ರಾಟ್ಸ್ ನಗರದಲ್ಲಿ ಓದುವಾಗಿನಿಂದ ನನಗೆ ಅಕ್ಷರಗಳ ಮೇಲೇ ಭರವಸೆ.

ಆ ದಿನ ಮೇಲೆ ಹೋಗಲಿದ್ದವರು ಎನ್ನೊ ಮತ್ತು ಅವರ ಹೆಂಡತಿ ವೀಬ್ಕೆ, ಇಬ್ಬರೇ. ಉತ್ತರ ಜರ್ಮನಿಯ ಕಡಲತೀರದವರು. ಎನ್ನೊ ಮೂವತ್ತೆಂಟು ವರ್ಷ ದೊಡ್ಡ ಹಡಗುಗಳಿಗೆ ದಾರಿ ತೋರಿಸಿ ಬಂದರಿಗೆ ತರುವ ಕೆಲಸ ಮಾಡಿದವರು. ಅಕ್ಟೋಬರಿನಲ್ಲಿ ಅವರಿಗೆ ಹೃದಯದ ಶಸ್ತ್ರಚಿಕಿತ್ಸೆಯಾಗಿತ್ತು. ಕೋಣೆ ಕಾದಿರಿಸುವಾಗ ವೀಬ್ಕೆ ಬರೆದಿದ್ದರು: 'ಸಮತಟ್ಟಾದ ಹಾದಿ ಮಾತ್ರ, ದಯವಿಟ್ಟು. ಅವರು ಒಪ್ಪುವುದಿಲ್ಲ, ನೀವೇ ಹೇಳಬೇಕು.' ಆ ಪತ್ರ ಓದಿದ ದಿನದಿಂದಲೇ ನನಗೆ ಅವರ ಚಿಂತೆ ಶುರುವಾಗಿತ್ತು.

"ನಿನ್ನೆ ಆ 'ಏನೂ ಇಲ್ಲ' ಅನ್ನೋದನ್ನ ಬಹಳ ಚೆನ್ನಾಗಿ ಮಾಡಿದ್ವಿ ಹೆಡ್ವಿಗ್ ಅವರೇ" ಎಂದರು ಎನ್ನೊ, ತಿಂಡಿಯ ಮೇಜಿನ ಬಳಿ, ನನ್ನ ಪೂರ್ತಿ ಹೆಸರು ಹಿಡಿದು. "ಇವಳು ಮೂರು ಸಲ ನಿದ್ದೆ ಮಾಡಿದ್ಲು."

"ನಾಲ್ಕು ಸಲ" ಎಂದರು ವೀಬ್ಕೆ. "ಒಂದು ಸಲ ನೀವೂ ಮಲಗಿದ್ರಿ, ನಿಮಗೆ ಗೊತ್ತಿಲ್ಲ."

ಹಾಳೆ ಕೊಟ್ಟೆ. "ಗಾಳಿ ಬರತ್ತಂತೆ. ಕೊನೇ ಡಬ್ಬಿ ಕಾಲು ನಾಲ್ಕಕ್ಕೆ. ಅದೊಂದು ಮರೀಬೇಡಿ."

"ಹದಿನೈದು ನಿಮಿಷದಲ್ಲಿ ಯಾವ ಹಡಗೂ ಮುಳುಗಲ್ಲ" ಎಂದು ನಕ್ಕರು ಎನ್ನೊ.

ಆ ಮಾತು ನನ್ನ ಕಿವಿಗೆ ಬಿತ್ತು. ಆದರೆ ಒಲೆಯ ಮೇಲೆ ಮೊಟ್ಟೆ ಬೇಯುತ್ತಿತ್ತು. ಒಳಗೆ ಹೋದೆ.

ಫೆರ್ಡಿ ಹೇಳಿದ ಹೊತ್ತಿಗೇ, ಮೂರೂಕಾಲಿಗೆ, ಅಡುಗೆಮನೆಯ ಕಿಟಕಿಯಿಂದ ಕೊನೆಯ ಡಬ್ಬಿ ಇಳಿಯುವುದನ್ನು ನೋಡಿದೆ. ಆಮೇಲೆ ತಂತಿ ನಿಂತಿತು. ಎರಡು ಬಟ್ಟಲು ಇಟ್ಟು ಕಾಫಿಗೆ ನೀರಿಟ್ಟೆ. ಎಗೊನ್ ಬೂಟು ಕಟ್ಟುತ್ತಿದ್ದ. ಸಂಜೆ ಇಳಿಜಾರುಗಳನ್ನು ಮುಚ್ಚಿದ ಮೇಲೆ ಮರುದಿನಕ್ಕೆ ಹಿಮವನ್ನು ಹದಮಾಡುವ ಯಂತ್ರ ಓಡಿಸುವುದು ಅವನ ಕೆಲಸ.

"ಕೋಳಿಗಳೆಲ್ಲ ಗೂಡಿಗೆ ಬಂದ್ವಾ?" ಎಂದ.

"ಇಬ್ಬರು ಬರಬೇಕು."

"ಬರ್ತಾರೆ ಬಿಡು. ಎಣಿಸಿ ಎಣಿಸಿ ನಿನ್ನ ಬೆರಳೇ ಸವೆದುಹೋಗತ್ತೆ ಒಂದಿನ."

ಅವನು ಹೋದ. ನಿಲ್ದಾಣದಿಂದ ನಮ್ಮ ಮನೆಗೆ ಹತ್ತು ನಿಮಿಷದ ನಡಿಗೆ. ನಿಧಾನಕ್ಕೆ ಬಂದರೆ ಇಪ್ಪತ್ತು. ಮೂರೂ ಮುಕ್ಕಾಲಾಯಿತು. ಕಾಫಿ ಆರಿತು. ಫೆರ್ಡಿಗೆ ಫೋನ್ ಮಾಡಿದೆ.

"ಕೊನೇ ಡಬ್ಬೀಲಿ ಮೇಲಿನ ಕೆಲಸದೋರಿಬ್ಬರು ಬಂದ್ರು, ಅಷ್ಟೇ" ಎಂದ ಅವನು. "ಮೇಲೆ ಯಾರೂ ಇಲ್ಲ ಅಂದ್ರಲ್ಲ."

"ನನ್ನ ಜೋಡಿ?"

"ಮುಂಚೇನೇ ಇಳಿದಿರಬೇಕು ನೋಡು. ಎಲ್ಲೋ ಕೂತು ಬಿಸಿ ವೈನ್ ಕುಡೀತಿರ್ತಾರೆ."

ವೀಬ್ಕೆಯವರ ಫೋನಿಗೆ ಕರೆ ಮಾಡಿದೆ. ನನ್ನ ಮೊಣಕೈ ಪಕ್ಕದಲ್ಲೇ, ಬುಟ್ಟಿಯೊಳಗೆ, ಅದು ರಿಂಗಾಯಿತು. ಎಲ್ಲ ಫೋನುಗಳ ಅಡಿಯಲ್ಲಿ ಅದರ ಬೆಳಕು ಮಿಣುಕುತ್ತಿತ್ತು. ನಾನು ಹಾಗೇ ನಿಂತು ಅದು ಸುಮ್ಮನಾಗುವವರೆಗೂ ಕೇಳಿದೆ.

ಆಗ ಆ ಮಾತು ಮತ್ತೆ ಕೇಳಿಸಿತು: ಹದಿನೈದು ನಿಮಿಷ.

ನಾಲ್ಕೂವರೆಯಿಂದ ಮೂರೂಕಾಲಿಗೆ ಬಂದರೆ ಒಂದೂಕಾಲು ಗಂಟೆ ಕಡಿಮೆಯಾಗುತ್ತದೆ. ಹದಿನೈದು ನಿಮಿಷವೇ ಕಡಿಮೆಯಾಗಬೇಕಾದರೆ ಅದು ನಾಲ್ಕೂಕಾಲು. ನಮ್ಮ ಕಣಿವೆಯಲ್ಲಿ ನಾಲ್ಕನೆಯ ಗಂಟೆಯಲ್ಲಿ ಕಾಲುಭಾಗ ಕಳೆದರೆ 'ಕಾಲು ನಾಲ್ಕು', ಅಂದರೆ ಮೂರೂಕಾಲು. ಅರ್ಧ ಕಳೆದರೆ 'ಅರ್ಧ ನಾಲ್ಕು', ಅಂದರೆ ಮೂರೂವರೆ. ನನ್ನ ಅಜ್ಜಿಯೂ ಹಾಗೇ ಹೇಳುತ್ತಿದ್ದಳು, ನಾನೂ ಹಾಗೇ ಹೇಳುತ್ತೇನೆ. ಕಡಲತೀರದವರು ಹಾಗೆ ಹೇಳುವುದಿಲ್ಲ. ಅವರಿಗೆ 'ಅರ್ಧ ನಾಲ್ಕು' ಗೊತ್ತು, 'ಕಾಲು ನಾಲ್ಕು' ಗೊತ್ತಿಲ್ಲ. ನನ್ನ ಅಚ್ಚುಕಟ್ಟಾದ ಅಕ್ಷರಗಳನ್ನು ಓದಿ ಅವರು ನಾಲ್ಕಕ್ಕೆ ಕಾಲು ಸೇರಿಸಿಕೊಂಡಿದ್ದರು. ಈಗ ಅವರು ನಿಂತ ತಂತಿಯ ಕಡೆಗೆ ಆರಾಮಾಗಿ ನಡೆದುಬರುತ್ತಿರುತ್ತಾರೆ.

ಮತ್ತೆ ಫೆರ್ಡಿಗೆ ಫೋನ್ ಮಾಡಿದೆ.

"ಡಬ್ಬಿ ಬಿಡು. ಅವರು ಮೇಲಿದ್ದಾರೆ."

"ಬಿಡೋ ಹಾಗಿಲ್ಲ ಹೆಡಿ. ಗಾಳಿ ನೋಡು, ತಂತಿ ತೊಟ್ಟಿಲಿನ ಥರ ತೂಗ್ತಿದೆ." ಅವನ ದನಿಯಲ್ಲೂ ಈಗ ನಗೆ ಇರಲಿಲ್ಲ. "ಇಳಿಜಾರಲ್ಲಿ ನಡೆದು ಇಳಿಯಕ್ಕೆ ಹೊರಡಲ್ಲ ತಾನೇ?"

ಎನ್ನೊ ಕಾಯುವ ಮನುಷ್ಯರಲ್ಲ. ಸೋಮವಾರ ಕುದುರೆ ಬಂಡಿ ಇಪ್ಪತ್ತು ನಿಮಿಷ ತಡವಾದದ್ದಕ್ಕೆ ಹೆಂಡತಿಯ ಕೈಹಿಡಿದು ನಡೆದೇ ಬಂದಿದ್ದರು. ಮೇಲಿನಿಂದ ಊರಿಗೆ ನೇರ ದಾರಿ ಎಂದರೆ ದೊಡ್ಡ ಇಳಿಜಾರೊಂದೇ. ಆ ಇಳಿಜಾರಿನ ಕಡಿದಾದ ಜಾಗದಲ್ಲಿ ಯಂತ್ರ ತಾನಾಗಿ ನಿಲ್ಲುವುದಿಲ್ಲ. ಎಗೊನ್ ಅದನ್ನು ಬೆಟ್ಟದ ತುದಿಯ ಕಬ್ಬಿಣದ ಗೂಟಕ್ಕೆ ಉಕ್ಕಿನ ಹಗ್ಗದಿಂದ ಕಟ್ಟುತ್ತಾನೆ. ಬೆರಳಿನಷ್ಟೇ ದಪ್ಪದ, ಒಂದು ಕಿಲೋಮೀಟರ್ ಉದ್ದದ ಹಗ್ಗ. ಯಂತ್ರ ಕೆಳಗಿರುವಾಗ ಅದು ಹಿಮದೊಳಗೆ ಹೂತು ಕಾಣುವುದೇ ಇಲ್ಲ. ಯಂತ್ರ ಎಳೆದಾಗ ಹಿಮ ಸೀಳಿಕೊಂಡು ಮೇಲೇಳುತ್ತದೆ, ಪಕ್ಕಕ್ಕೆ ಬೀಸುತ್ತದೆ. ಅದಕ್ಕೇ ಸಂಜೆ ಇಳಿಜಾರು ಮುಚ್ಚಿದ ಮೇಲೆ ಈ ಊರಿನ ಯಾರೂ, ಕುಡಿದವನೂ, ಆ ಇಳಿಜಾರಿಗೆ ಕಾಲಿಡುವುದಿಲ್ಲ.

"ಎಗೊನ್‌ಗೆ ಹೇಳು. ರೇಡಿಯೋದಲ್ಲಿ ಹೇಳು."

"ಕರೀತಾನೇ ಇದೀನಿ. ತಗ್ಗಿಗೆ ಇಳಿದಿರಬೇಕು, ಅಲ್ಲಿ ರೇಡಿಯೋ ಹಿಡಿಯಲ್ಲ."

ದುರ್ಬೀನು ಎತ್ತಿಕೊಂಡು ಕಿಟಕಿಗೆ ಹೋದೆ. ಬಿಸಿಲು ಹೋಗಿ ಬೆಟ್ಟ ನೀಲಿಯಾಗುತ್ತಿತ್ತು. ಇಳಿಜಾರಿನ ಮೇಲ್ತುದಿಯಲ್ಲಿ ಎರಡು ಕಪ್ಪು ಚುಕ್ಕೆಗಳಿದ್ದವು. ಕಣ್ಣು ಒರೆಸಿ ಮತ್ತೆ ನೋಡಿದೆ. ಒಂದು ಮುಂದೆ, ಒಂದು ಸ್ವಲ್ಪ ಹಿಂದೆ, ಇಳಿಯುತ್ತಿದ್ದವು.

ಕಾರು ಹೇಗೆ ತೆಗೆದೆನೋ ನೆನಪಿಲ್ಲ. ಮರ ಸಾಗಿಸುವ ರಸ್ತೆ ಕಾಡಿನೊಳಗೆ ಹತ್ತಿ, ಅರ್ಧ ಬೆಟ್ಟದಲ್ಲಿ ಇಳಿಜಾರನ್ನು ದಾಟುತ್ತದೆ. ಚಕ್ರದ ಸರಪಳಿಗಳು ಗಲಗಲ ಅನ್ನುತ್ತಿದ್ದವು. ದಾರಿಯುದ್ದಕ್ಕೂ ಒಂದೇ ಲೆಕ್ಕ ಹಾಕುತ್ತಿದ್ದೆ: ಆ ಚುಕ್ಕೆಗಳು ಎಷ್ಟು ಇಳಿದಿರುತ್ತವೆ, ಎಗೊನ್ ಎಷ್ಟು ಹತ್ತಿರುತ್ತಾನೆ. ಆ ಹಗ್ಗದ ತುದಿಯಲ್ಲಿರುವುದು ನನ್ನ ಗಂಡ. ಏನಾದರೂ ಆದರೆ ಅವನ ಕೈಯಿಂದ ಆಗುತ್ತದೆ, ನನ್ನ ಅಕ್ಷರದಿಂದ ಆಗುತ್ತದೆ.

ಕಾಡು ಮುಗಿಯುವಲ್ಲಿ ಕೆಂಪು ಪಟ್ಟಿ ಅಡ್ಡ ಕಟ್ಟಿತ್ತು, ಹಳದಿ ದೀಪ ಮಿನುಗುತ್ತಿತ್ತು. ಫಲಕದಲ್ಲಿ ಏನು ಬರೆದಿದೆಯೆಂದು ನನಗೆ ಗೊತ್ತು. ಹನ್ನೊಂದು ವರ್ಷದಿಂದ ಅತಿಥಿಗಳಿಗೆ ಓದಿ ಹೇಳುತ್ತಿದ್ದೇನೆ. ಕಾರಿಳಿದು ಮೇಲೆ ನೋಡಿದೆ. ಮಬ್ಬಿನಲ್ಲಿ ಏನೂ ಕಾಣಲಿಲ್ಲ.

"ವೀಬ್ಕೆ" ಎಂದು ಕೂಗಿದೆ. ಗಾಳಿ ಆ ಹೆಸರನ್ನು ಬಾಯಿಯಿಂದಲೇ ಕಿತ್ತುಕೊಂಡಿತು.

ಇಳಿಜಾರಿನ ನಡುವಿಗೆ ಹೋದರೆ ಅವರಿಗೆ ನಾನು ಕಾಣುತ್ತೇನೆ, ಕೈಬೀಸಿ ಅಲ್ಲೇ ನಿಲ್ಲಿಸಬಹುದು ಎನ್ನಿಸಿತು. ಪಟ್ಟಿಯ ಕೆಳಗೆ ನುಸುಳಿದೆ. ಹತ್ತು ಹೆಜ್ಜೆ ಇಟ್ಟಿರಬಹುದು. ಕೆಳಗೆ ತಗ್ಗಿನಲ್ಲಿ ಯಂತ್ರದ ಸದ್ದು ಬದಲಾಯಿತು, ಭಾರ ಎಳೆಯುವ ಎತ್ತಿನ ಉಸಿರಿನ ಹಾಗೆ. ಆಮೇಲೆ ಒಂದು ಸಿಳ್ಳೆ. ನನ್ನ ಮುಂದೆ, ನಾಲ್ಕೈದು ಹೆಜ್ಜೆಯಾಚೆ, ಹಿಮ ಉದ್ದಕ್ಕೆ ಹೊಲಿಗೆ ಬಿಚ್ಚಿದಂತೆ ಬಿರಿಯಿತು. ಕಪ್ಪು ಗೆರೆಯೊಂದು ಎದೆಯೆತ್ತರಕ್ಕೆ ಎದ್ದು ಆಚೆ ಬೀಸಿತು. ಅಂಚಿನಲ್ಲಿದ್ದ ಎಳೆಯ ಮರದ ತಲೆ ಇರಲಿಲ್ಲ. ಮುರಿದ ಸದ್ದು ಆಮೇಲೆ ಕೇಳಿಸಿತು.

ನಾನು ಬೋರಲು ಬಿದ್ದಿದ್ದೆ. ಬಾಯಲ್ಲಿ ಹಿಮ. ಹಗ್ಗ ನನ್ನ ಎದುರಿಗೇ ಬಿಗಿದು ನಡುಗುತ್ತಿತ್ತು, ಸಣ್ಣಗೆ ಗುಂಯ್‌ಗುಡುತ್ತಿತ್ತು. ಅದು ಈ ಕಡೆಗೆ ವಾಲಿದರೆ ಏನಾಗುತ್ತದೆಂದು ಬಹಳ ಸ್ಪಷ್ಟವಾಗಿ ಯೋಚಿಸಿದೆ. ಏಳಲು ಆಗಲಿಲ್ಲ.

ತಗ್ಗಿನ ಅಂಚಿನಿಂದ ಯಂತ್ರದ ದೀಪಗಳು ಮೇಲೆದ್ದವು. ಬೆಳಕು ನನ್ನ ಮೇಲೆ ಬಿತ್ತು. ಸದ್ದು ನಿಂತಿತು. ಬಾಗಿಲು ತೆರೆದು ಎಗೊನ್ ಇಳಿದ, ಬೀಳುತ್ತಾ ಏಳುತ್ತಾ ಬಂದ. ಹತ್ತಿರ ಬಂದ ಮೇಲೇ ಯಾರೆಂದು ಗೊತ್ತಾಗಿದ್ದು ಅವನಿಗೆ.

"ನೀನಾ" ಎಂದ. ನನ್ನ ತೋಳು ಹಿಡಿದು ಎತ್ತಿದ. "ನಿನಗೇನಾಗಿದೆಯೇ? ನೀನು ಹೀಗೆ ಮಾಡೋದಾ? ಊರಿಗೆಲ್ಲ ಪಾಠ ಹೇಳೋಳು ನೀನು."

"ಮೇಲಿಂದ ಅವರಿಬ್ಬರು ಇಳೀತಿದ್ದಾರೆ. ಎನ್ನೊ, ವೀಬ್ಕೆ. ನಾನು ನೋಡಿದೆ."

ಅವನು ಮೇಲೆ ನೋಡಿದ. ಹಗ್ಗದ ಕಡೆ ನೋಡಿದ. ದೀಪದ ಬೆಳಕಲ್ಲಿ ಅವನ ಮುಖ ಹಿಟ್ಟಿನ ಬಣ್ಣಕ್ಕೆ ತಿರುಗಿತ್ತು.

"ಎಷ್ಟು ಹೊತ್ತಾಯ್ತು?"

"ನಾಲ್ಕಕ್ಕೆ."

"ನಾನು ಎರಡು ಸಲ ಎಳೆದಾಯ್ತಲ್ಲೇ" ಎಂದ ಮೆಲ್ಲಗೆ.

ನನ್ನನ್ನು ಯಂತ್ರದೊಳಗೆ ಕೂರಿಸಿಕೊಂಡ. ಹಗ್ಗವನ್ನು ಸುತ್ತಿಕೊಳ್ಳುತ್ತಾ, ನಡೆಯುವಷ್ಟೇ ವೇಗದಲ್ಲಿ ಹತ್ತಿದೆವು. ಇಬ್ಬರೂ ಗಾಜಿಗೆ ಮುಖ ಒತ್ತಿ ಹಗ್ಗದ ಎರಡೂ ಬದಿಯನ್ನು ನೋಡುತ್ತಿದ್ದೆವು. ಒಂದು ಕಡೆ ಏನೋ ಕಪ್ಪಗೆ ಬಿದ್ದಿತ್ತು. ಎಗೊನ್ ನಿಲ್ಲಿಸಿ ಇಳಿದುಹೋದ. ಯಾರೋ ಬೀಳಿಸಿಕೊಂಡ ಟೋಪಿ. ಅವನು ಅದನ್ನು ತಿರುಗಿಸಿ ನೋಡಿ, ಮಕ್ಕಳ ಟೋಪಿ, ಹಳೆಯದು ಎಂದು ಕೂಗಿ ಹೇಳಿದ. ನಾನು ಉಸಿರು ಬಿಟ್ಟೆ.

ಇನ್ನೂ ಸ್ವಲ್ಪ ಮೇಲೆ ದೀಪದಲ್ಲಿ ಎರಡು ಜೊತೆ ಕಣ್ಣು ಹೊಳೆದವು. ಕಾಡುಮೇಕೆಗಳು. ಒಂದು ಮುಂದೆ, ಒಂದು ಸ್ವಲ್ಪ ಹಿಂದೆ. ನಮ್ಮನ್ನು ನೋಡಿ, ಅವಸರವಿಲ್ಲದೆ ಬಂಡೆಯ ಕಡೆ ಹೋದವು.

"ನೀನು ನೋಡಿದ್ದಕ್ಕೆ ನಾಲ್ಕು ಕಾಲಿತ್ತಾ?" ಎಂದ ಎಗೊನ್.

ಅವು ಮೇಕೆಗಳೇ ಆಗಿದ್ದರೆ ಅವರಿಬ್ಬರು ಎಲ್ಲಿ?

ತುದಿಯಲ್ಲಿ ಮೇಲಿನ ನಿಲ್ದಾಣ ಕತ್ತಲಾಗಿತ್ತು. ಅದರ ಪಕ್ಕದಲ್ಲಿ ಸ್ಕೀ ಒಣಗಿಸುವ ಕೋಣೆಯಿದೆ, ಅದಕ್ಕೆ ಬೀಗವಿಲ್ಲ. ಬಾಗಿಲು ತಳ್ಳಿದೆ. ಒದ್ದೆ ರಬ್ಬರಿನ ವಾಸನೆ. ಒಳಗೆ ಬೆಂಚಿನ ಮೇಲೆ ಇಬ್ಬರು, ನೆಲದ ಚಾಪೆಗಳನ್ನೆಲ್ಲ ಹೊದ್ದುಕೊಂಡು ಅಂಟಿ ಕೂತಿದ್ದರು. ವೀಬ್ಕೆಯವರ ಒಂದು ಕೈ ಗಂಡನ ಎದೆಯ ಮೇಲಿತ್ತು, ಕೋಟಿನೊಳಗೆ. ಇನ್ನೊಂದು ಕೈಯಲ್ಲಿ ನನ್ನ ಹಾಳೆ.

"ಇವರು ನಡೆದು ಇಳಿಯೋಣ ಅಂದ್ರು" ಎಂದರು ವೀಬ್ಕೆ. ಹಲ್ಲು ಕಟಕಟ ಅನ್ನುತ್ತಿತ್ತು. "ಕೊನೇ ಸಾಲು ಓದಿ ಅಂದೆ. ಕೂತುಕೊಳ್ಳಿ ಅಂತ ಬರೆದಿದ್ದಾರೆ, ಕೂತುಕೊಳ್ಳಿ ಅಂದೆ."

"ಮೂರು ಸಲ ಅಂದ್ಲು" ಎಂದರು ಎನ್ನೊ. ತುಟಿ ನೀಲಿಯಾಗಿತ್ತು, ಆದರೆ ದನಿ ಗಟ್ಟಿಯಿತ್ತು. "ನಾವು ನಾಲ್ಕಕ್ಕೇ ಬಂದಿದ್ವಿ ಹೆಡ್ವಿಗ್ ಅವರೇ. ನಿಮ್ಮ ಡಬ್ಬಿಯೇ ಹೇಳಿದ ಹೊತ್ತಿಗೆ ಬರಲಿಲ್ಲ."

"ತಪ್ಪು ನನ್ನದು" ಎಂದೆ. "ನಮ್ಮ ಕಾಲು ಬೇರೆ, ನಿಮ್ಮ ಕಾಲು ಬೇರೆ." ಅವರಿಗೆ ಅರ್ಥವಾಗಲಿಲ್ಲ. ಮನೆಯಲ್ಲಿ ಹೇಳುತ್ತೇನೆ ಎಂದೆ.

ಹೊರಗೆ ಎಗೊನ್ ಗೂಟದಿಂದ ಹಗ್ಗ ಬಿಚ್ಚುತ್ತಿದ್ದ. ಇಪ್ಪತ್ತು ವರ್ಷದಿಂದ ಮಾಡುತ್ತಿದ್ದ ಕೆಲಸ. ಕೊಕ್ಕೆ ಅವನ ಕೈಯಿಂದ ಎರಡು ಸಲ ಜಾರಿತು. ನಾನು ದೀಪ ಹಿಡಿದೆ, ಅವನ ಬೆರಳುಗಳ ಮೇಲಲ್ಲ, ಸ್ವಲ್ಪ ಪಕ್ಕಕ್ಕೆ.

ಇಬ್ಬರ ಜಾಗದಲ್ಲಿ ನಾಲ್ವರು ತುರುಕಿಕೊಂಡೆವು. ಎನ್ನೊ ನನ್ನ ಭುಜಕ್ಕೆ ಒರಗಿದ್ದರು; ಅವರ ಎದೆಬಡಿತ ನನ್ನ ಕೋಟಿನ ಮೂಲಕ ನನಗೆ ತಾಕುತ್ತಿತ್ತು, ಅದನ್ನೇ ಕೇಳುತ್ತಾ ಕೂತೆ. ಎಗೊನ್ ಕೀಲಿಗೆ ಕೈಹಾಕಿದವನು ತಿರುಗಿಸಲಿಲ್ಲ. ಹಿಂದೆ ತಿರುಗಿ ನಮ್ಮನ್ನು ನೋಡಿದ.

"ಒಂದು" ಎಂದ, ವೀಬ್ಕೆಯವರ ಕಡೆ ನೋಡಿ. "ಎರಡು." ಆಮೇಲೆ ನನ್ನ ಕಡೆ ನೋಡಿದ. "ಮೂರು."

ಅವನು ಇನ್ನೊಮ್ಮೆ ಎಣಿಸಿದ, ಬಾಯಲ್ಲೇ, ಸದ್ದಿಲ್ಲದೆ. ಆಮೇಲೆ ಕೀಲಿ ತಿರುಗಿಸಿದ.