ಕಾಶಿಯಲ್ಲಿ ಬಿಟ್ಟು ಬಂದದ್ದು

ಸೀತಾಲಕ್ಷ್ಮಿ ಕಾಫಿ ಬಿಟ್ಟು ಐದು ವರ್ಷವಾಗಿತ್ತು. ಬಸವನಗುಡಿಯಲ್ಲಿ ಹುಟ್ಟಿ ಜಯನಗರಕ್ಕೆ ಸೊಸೆಯಾಗಿ ಬಂದವಳು ಕಾಫಿ ಬಿಡುವುದೆಂದರೆ ತಮಾಷೆಯೇ? ಕಾಶಿಗೆ ಹೋದವರು ಇಷ್ಟವಾದದ್ದೊಂದನ್ನು ಗಂಗೆಯಲ್ಲಿ ಬಿಟ್ಟು ಬರಬೇಕಲ್ಲ, ಆಗ ಗಂಡ ಅನಂತರಾಮು ತಾನಾಗಿಯೇ ಹೇಳಿದ್ದ: "ನಾನು ಹೊಗೆಸೊಪ್ಪು ಬಿಡ್ತೀನಿ ಕಣೇ. ನೀನು ಕಾಫಿ ಬಿಡು. ಸರಿಗೆ ಸರಿ."

ಬಿಡುವುದನ್ನು ಮನಸ್ಸಿನಲ್ಲೇ ಹೇಳಿಕೊಳ್ಳಿ ಎಂದಿದ್ದರು ಪುರೋಹಿತರು. ಇಬ್ಬರೂ ಮೂಗು ಹಿಡಿದು ಮುಳುಗಿ ಎದ್ದರು. ಅಂದಿನಿಂದ ದಿನಾ ಬೆಳಿಗ್ಗೆ ಅವನಿಗೆ ನೊರೆ ಬರುವಂತೆ ಕಾಫಿ ಬೆರೆಸಿಕೊಟ್ಟು, ತಾನು ಬಿಸಿನೀರು ಕುಡಿಯುತ್ತಿದ್ದಳು. ಮೊದಮೊದಲು ತಲೆನೋವಿಗೆ ಗೋಡೆಗೆ ತಲೆ ಚಚ್ಚಿಕೊಳ್ಳುವಂತಾಗುತ್ತಿತ್ತು. ಗಂಡನ ಬಾಯಿ ಉಳಿಯಿತಲ್ಲ ಎಂದು ಸಹಿಸಿದಳು.

ಆದರೂ ಅವನ ಎಡಗೆನ್ನೆಯೊಳಗೆ ಬಿಳಿ ಮಚ್ಚೆ ಎದ್ದಿತು. "ಹಲ್ಲು ತಾಗಿ ತಾಗಿ ಆಗಿದ್ದು" ಅಂದ. ಪಾಪ, ನಂಬಿದಳು. ಜೆ.ಪಿ. ನಗರದ ಕ್ಲಿನಿಕ್ಕಿಗೆ ಎರಡು ಸಲ ಒಬ್ಬನೇ ಹೋಗಿ ಬೆಳಕಿನ ಚಿಕಿತ್ಸೆ ಮಾಡಿಸಿಕೊಂಡು ಬಂದ. ಮೂರನೇ ಸಲ ಇವಳೂ ಹಠ ಹಿಡಿದು ಆಟೋ ಹತ್ತಿದಳು.

ಡಾಕ್ಟರ್ ಜಯಶೀಲಾ ಮಚ್ಚೆಗೆ ಮುಲಾಮು ಸವರಿ, ಕೆನ್ನೆಯೊಳಗೆ ಬಟ್ಟೆ ಒತ್ತಿದರು. "ಔಷಧಿ ಒಳಗೆ ಇಳೀಬೇಕು ಅಂಕಲ್. ಒಂದು ಗಂಟೆ ಬಾಯಿ ತೆಗೀಬೇಡಿ. ಆಮೇಲೆ ಕೆಂಪು ಬೆಳಕು ಬಿಡ್ತೀನಿ, ಮುಲಾಮು ಹಿಡಿದ ಜಾಗ ಮಾತ್ರ ಸಾಯತ್ತೆ." ಆಮೇಲೆ ಇವಳ ಕಡೆ ತಿರುಗಿದರು. "ಆಂಟಿ, ಇದಿನ್ನೂ ಕ್ಯಾನ್ಸರ್ ಅಲ್ಲ, ಆಗಬಾರದು ಅಂತಾನೇ ಇಷ್ಟೆಲ್ಲ. ಆದ್ರೆ ಹೋಗಿದ್ದು ಮತ್ತೆ ಬರ್ತಿದೆ. ಹೊಗೆಸೊಪ್ಪು ಕಡಿಮೆ ಮಾಡಿದೀನಿ ಅಂತಾರೆ, ಅದು ಸಾಲಲ್ಲ. ನೀವೇ ಪೂರ್ತಿ ಬಿಡಿಸ್ಬೇಕು."

"ಕಡಿಮೆನಾ? ಕಾಶೀಲೇ ಬಿಟ್ರಲ್ಲ ಡಾಕ್ಟ್ರೇ!"

ಡಾಕ್ಟರು ಇಬ್ಬರ ಮುಖವನ್ನೂ ನೋಡಿ ಮೆಲ್ಲಗೆ ಹೊರಗೆ ಹೋದರು.

ಈಗ ಸಿಕ್ಕಿಬಿದ್ದಿದ್ದ ಮಹಾರಾಯ. ಬಾಯಿ ಬಿಡುವ ಹಾಗಿಲ್ಲ, ಎದ್ದು ಹೋಗುವ ಹಾಗೂ ಇಲ್ಲ.

"ರೀ, ಗಂಗೇಲಿ ಹೊಗೆಸೊಪ್ಪು ಬಿಟ್ರೋ ಇಲ್ವೋ?"

ತಲೆ ಅಡ್ಡಡ್ಡ ಆಡಿಸಿದ.

"ಮತ್ತೇನು ಬಿಟ್ರಿ?"

ಅವನು ಎರಡು ಕೈಯನ್ನೂ ಅಗಲಿಸಿ ಗಾಳಿಯಲ್ಲಿ ಉದ್ದಕ್ಕೆ, ಸೊಟ್ಟಗೆ ಏನನ್ನೋ ಬರೆದ.

"ಹಾವಾ?"

ಅಲ್ಲ ಎಂಬಂತೆ ಅವಳ ಹಸಿರು ಸೀರೆ ಮುಟ್ಟಿ ತೋರಿಸಿದ. ಸೀತಾಲಕ್ಷ್ಮಿಗೆ ಹೊಳೆಯಿತು.

"ಪಡವಲಕಾಯಾ?"

ಹೌದೆಂದು ತಲೆ ತಗ್ಗಿಸಿದ. ಅಯ್ಯೋ ಶಿವನೇ! ಮದುವೆಯಾದಾಗಿನಿಂದ ತಟ್ಟೆಯಂಚಿಗೆ ತಳ್ಳುತ್ತಿದ್ದ ಪಡವಲಕಾಯಿ! ಅವಳಿಗೆ ನಗು ಬರಬೇಕಿತ್ತು, ಹೊಟ್ಟೆ ಉರಿಯಿತು. ಇಂಥ ಮೋಸವನ್ನು ಹೊರಗಿನವರು ಮಾಡಿದ್ದರೆ ಶಾಪ ಹಾಕಿ ಸುಮ್ಮನಾಗಬಹುದಿತ್ತು.

ಬೆಳಕು ಬಿಟ್ಟದ್ದಾಯಿತು. ಇಬ್ಬರೂ ಆಟೋ ಹತ್ತಿದರು.

ಮನೆಗೆ ಬಂದವಳೇ ಹಾಲು ಕಾಯಿಸಲಿಟ್ಟಳು. ಬೆಳಗಿನ ಡಿಕಾಕ್ಷನ್ ಇನ್ನೂ ಉಳಿದಿತ್ತು. ಅನಂತರಾಮು ಊದಿದ ಕೆನ್ನೆ ಹಿಡಿದುಕೊಂಡು ಅಡುಗೆಮನೆ ಬಾಗಿಲಲ್ಲಿ ನಿಂತ.

"ನಂಗೀಗ ಬಿಸಿ ಕಾಫಿ ಆಗಲ್ಲ ಸೀತಾ."

"ನಿಮಗಲ್ಲ. ನಂಗೆ. ಗಂಗಮ್ಮನ ಹತ್ರ ನಾನೇ ಮಾತಾಡ್ಕೋತೀನಿ."

ಅವನ ಮುಖ ಬಿಳಿಚಿಕೊಂಡಿತು. "ಬೇಡ ಕಣೇ, ಹರಕೆ ಮುರೀಬೇಡ," ಎಂದು ಗಾಬರಿಯಿಂದ ಒಳಗೆ ನುಗ್ಗಿದ. ಇದೇನು, ಇದ್ದಕ್ಕಿದ್ದಂತೆ ಇಷ್ಟು ದೈವಭಕ್ತಿ! ಅವಳು ಅವನನ್ನು ಸರಿಸಿ, ಸ್ಟೂಲು ಹತ್ತಿ, ಮೇಲಿನ ಹಲಗೆಯ ಮೂಲೆಯಿಂದ ತನ್ನ ಬೆಳ್ಳಿ ಲೋಟ ತೆಗೆದಳು. ಅವಳಮ್ಮ ಕಾಫಿಗೆಂದೇ ಕೊಟ್ಟ ಲೋಟ. ಕಾಶಿಯಿಂದ ಬಂದ ದಿನ ಕಣ್ಣೀರು ಹಾಕಿಕೊಂಡು ಎತ್ತಿಟ್ಟದ್ದನ್ನು ಮತ್ತೆ ಮುಟ್ಟಿರಲಿಲ್ಲ, ಕಂಡರೆ ಆಸೆಯಾದೀತು ಎಂದು.

ಲೋಟದೊಳಗೆ ಹೊಗೆಸೊಪ್ಪಿನ ಪೊಟ್ಟಣವಿತ್ತು.

ಒಲೆಯ ಮೇಲೆ ಹಾಲು ಉಕ್ಕಿ ಚೆಲ್ಲಿತು. ಅವಳು ಇಳಿಯಲೂ ಇಲ್ಲ, ಒಲೆ ಆರಿಸಲೂ ಇಲ್ಲ.

"ನಾನು ಮಾತು ಉಳಿಸ್ಕೋತೀನಿ ಅಂತ ನಿಮಗೆ ಇಷ್ಟು ನಂಬಿಕೆ ಇತ್ತೇನ್ರೀ?" ಎಂದಳು.

ಈಗ ಅವನ ಬಾಯಲ್ಲಿ ಬಟ್ಟೆಯಿರಲಿಲ್ಲ. ಅವನು ಕೈ ಚಾಚಿ ಒಲೆ ಆರಿಸಿದ.