ಗಾಳದ ಕೇದರ

ಪದ್ದು ಮೀನಿನ ಕಿವಿರು ಬಿಡಿಸಿ ತೋರಿಸುತ್ತಿದ್ದಾಗ ಮೈದುನನ ಟೆಂಪೋ ಕುಂದಾಪುರದ ಮೀನು ಮಾರುಕಟ್ಟೆಯ ಬಾಗಿಲಿಗೆ ಬಂದು ನಿಂತಿತು. ಹೋಟೆಲಿನವರು ಟ್ಯೂನಾ ಎನ್ನುವ ಕೇದರ ಅದು. ಕಿವಿರು ಕೆಂಪಗಿತ್ತು, ಬೆರಳಿಟ್ಟು ಒತ್ತಿದರೂ ಮಾಂಸ ತಗ್ಗಲಿಲ್ಲ.

"ಗಾಳದ್ದಾ ಪದ್ದಕ್ಕ?" ಎಂದರು ಸಾಲಿಗ್ರಾಮದ ವಿನಯಾ ಟೀಚರ್.

"ಗಾಳದ್ದೇ. ಕೋಡಿ ಕರಿಯಣ್ಣ ಹಿಡ್ದದ್ದ್. ಹಿಡ್ದ ಕೂಡ್ಲೆ ರಕ್ತ ಬಸ್ದ್ ಐಸಿಗೆ ಹಾಕಿದ್ರ್."

ಮೈದುನ ಶೈಲೇಶ ಎರಡು ಬುಟ್ಟಿ ತಂದು ಅವಳೆದುರು ಇಳಿಸಿದ. ಗೇಣುದ್ದವೂ ಇಲ್ಲದ ಕೇದರದ ಮರಿಗಳು. ಒಂದರ ಭಾರಕ್ಕೆ ಇನ್ನೊಂದು ಜಜ್ಜಿ ಹೊಟ್ಟೆ ಒಡೆದಿದ್ದವು.

"ನಮ್ ಬೋಟಿಂದ್ ಅತ್ಗಿ. ಮೇಲೆ ಹರ್ಡಿ."

"ಲೈಟ್ ಹಾಕಿ ಹಿಡ್ದದ್ದಾ?"

"ಕಡಲಂಗೆ ಕತ್ಲಿ ಇದ್ರೆ ಮತ್ತೆಂತ ಮಾಡುದ್?"

ಪಕ್ಕದಲ್ಲಿ ಬಂಗುಡೆ ಮಾರುತ್ತಿದ್ದ ಪುಷ್ಪ ನಕ್ಕಳು. "ಮೀನಿಗೂ ಕರೆಂಟ್ ಕೊಟ್ರ್ಯಾ ಶೈಲೇಶಣ್ಣ? ಬಿಲ್ ಯಾರ್ ಕಟ್ಟುದ್?"

ಪದ್ದು ನಗಲಿಲ್ಲ. ನೀರಿಗೆ ಲೈಟು ಬಿಟ್ಟು, ಬೆಳಕಿಗೆ ಸೇರಿದ್ದನ್ನೆಲ್ಲ ಮರಿ ಸಮೇತ ಬಲೆಗೆ ಬಾಚುವುದನ್ನು ಸರ್ಕಾರ ನಿಷೇಧಿಸಿದೆಯೆಂದು ಅಲ್ಲಿ ಎಲ್ಲರಿಗೂ ಗೊತ್ತಿತ್ತು.

"ಇವೆಲ್ಲ ಇನ್ನೂ ಮೊಟ್ಟೆ ಇಡದ್ ಮರಿ. ನಾ ಮಾರುದಿಲ್ಲೆ."

"ಮನೆ ಬೋಟಿನ್ ಮೀನ್ ಬೇಡ, ಊರವ್ರದ್ದ್ ಆತ್ತಾ? ನೀವ್ ಕೂಕಂಡದ್ದ್ ನಮ್ ಅಬ್ಬಿ ಜಾಗ. ನಾಳಿಂದ ನನ್ ಹೆಂಡ್ತಿನ್ನ ಕೂರ್ಸ್ತೆ."

ಜಾಗ ಅತ್ತೆಯದೇ, ಸುಳ್ಳಲ್ಲ. ಮನೆಯ ಬೋಟಿನ ಮೀನನ್ನು ಮನೆಯ ಹೆಂಗಸೇ ಮಾರಬೇಕು. ಅತ್ತೆ ಹಾಗೆ ಮಾರಿದರು, ಮದುವೆಯಾಗಿ ಬಂದಂದಿನಿಂದ ಪದ್ದುವೂ ಮಾರಿದಳು. ಯಾವ ಮೀನು, ಹೇಗೆ ಹಿಡಿಯಬೇಕು ಎಂದು ಮನೆಯಲ್ಲಿ ಅವಳನ್ನು ಯಾರೂ ಕೇಳಿದ್ದಿಲ್ಲ. ಆದರೆ ಗಿರಾಕಿ "ಗಾಳದ್ದಾ" ಎಂದು ಕೇಳುವುದು ಬೋಟನ್ನಲ್ಲ, ಅವಳನ್ನು. ಬೋಟು ಅವರದಿರಬಹುದು, ಬಾಯಿ ತನ್ನದು.

"ಕೂರ್ಸ್. ಈ ಬುಟ್ಟಿ ಮಾತ್ರ ಇಲ್ಲಿಂದ ತಕಂಡ್ ಹೋಗ್," ಎಂದು ಕತ್ತಿ ಎತ್ತಿಕೊಂಡಳು. "ಟೀಚರೇ, ತುಂಡ್ ಮಾಡ್ಕಾ, ಇಡೀ ಬೇಕಾ?"

ಗಿರಾಕಿಗಳೆಲ್ಲ ಬುಟ್ಟಿಯನ್ನೇ ನೋಡುತ್ತಿದ್ದರು. ಶೈಲೇಶ ಗೊಣಗುತ್ತ ಎರಡನ್ನೂ ಎತ್ತಿಕೊಂಡು ಹೋದ.

"ನಾಳೆ ಎಂತ ಮಾಡ್ತೆ ನೀನ್?" ಪುಷ್ಪ ಮೆಲ್ಲಗೆ ಕೇಳಿದಳು.

"ನಾಳೆ ಕಾಂಬ."

ಮೀನು ಮುಗಿದ ಮೇಲೆ ಪದ್ದು ಕಟ್ಟೆಗೆ ನೀರು ಹೊಯ್ದು ತಿಕ್ಕಿದಳು. ನಾಳೆ ಓರಗಿತ್ತಿ ಬಂದು ಕೂರುವ ಜಾಗವೆಂದು ಮೂಲೆಯನ್ನೂ ಬಿಡಲಿಲ್ಲ. ತಿಕ್ಕುತ್ತ ಗೇಟಿನಾಚೆ ನೋಡಿದಳು. ರಸ್ತೆ ಬದಿಯಲ್ಲಿ, ಗೋಡೆಯ ನೆರಳಿಗೆ, ಒಂದು ಬುಟ್ಟಿ ಇಟ್ಟು ಒಬ್ಬಳು ಕೂರುವಷ್ಟು ಜಾಗವಿತ್ತು. ನಾಳೆ ಕೋಡಿಗೆ ಹೋಗಿ ಕರಿಯಣ್ಣನ ಮೀನು ತರಬೇಕು. ಕಟ್ಟೆಯಿಂದ ಏಳು ಎಂದು ಯಾರಾದರೂ ಹೇಳುವ ಮೊದಲೇ ಅಲ್ಲಿ ಕೂತಿರಬೇಕು.

ಗಂಡನ ಫೋನು ಬಂತು. "ಶೈಲೇಶ ಎಂತೋ ಹೇಳ್ತಿದ್ದ. ಎಂತ ಆಯ್ತೇ?"

"ಎಂತ ಇಲ್ಲೆ," ಎಂದಳು. "ಬತ್ತೆ."