ಮೊದಲ ಚುಕ್ಕೆ

ಟ್ರೇಲರಿನ ಮೂಲೆಯಲ್ಲಿ ಸಿಕ್ಕಿಕೊಂಡಿದ್ದ ಕಬ್ಬಿನ ಸೋಗೆಯನ್ನು ಚನ್ನಬಸವ ಕಾಲಿನಿಂದ ಒದ್ದು ಕೆಡವಿದ. ಸೋಗೆ ಬಿತ್ತು, ಸಿಟ್ಟು ಬೀಳಲಿಲ್ಲ. ಇನ್ನೊಂದು ಸಲ ಒದ್ದ. ತಗಡು ಢಣ್ ಎಂದಿತು.

"ಲೇ, ಮೆಲ್ಲಗ ಕಣ್ಲಾ," ಎಂದರು ನೀರಿನ ಪೈಪು ಹಿಡಿದಿದ್ದ ಕೆಂಪನಂಜಪ್ಪ. "ಗಾಜಿನೋರ ಸಾವಿಗ ಬಂದು ತಗಡು ಬಡೀತೀಯಲ್ಲ. ಕುಂತೋರು ಎದ್ದು ಬಂದಾರು."

ಸದಾಶಿವಪ್ಪನವರು ಕುಂತೇ ಇದ್ದರು. ಹೊನ್ನೂರಿನ ಆ ಮನೆಯ ಜಗುಲಿಯಲ್ಲಿ, ನಲವತ್ತು ವರ್ಷ ಎಲ್ಲಿ ಕೂತು ಗಾಜಿನ ಮೇಲೆ ದೇವರುಗಳನ್ನು ಬರೆದರೋ ಅಲ್ಲೇ, ಅವರನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು. ಹಣೆ ತುಂಬ ವಿಭೂತಿ, ಎಡಗೈಯಲ್ಲಿ ಲಿಂಗ, ಕೊರಳಲ್ಲಿ ಸೇವಂತಿಗೆ. ಮೈ ತೊಳೆದರೂ ಬಲಗೈಯ ಉಗುರಿನ ಸಂದಿನ ನೀಲಿ ಬಣ್ಣ ಹೋಗಿರಲಿಲ್ಲ.

ಮಣ್ಣು ಮಾಡುವ ತೋಟ ಊರಾಚೆ ಎರಡು ಮೈಲಿ. ಕೊಳ್ಳೇಗಾಲದಲ್ಲಿ ಗಾಜು ಕತ್ತರಿಸುವ ಅಂಗಡಿ ಇಟ್ಟಿದ್ದ ಕೆಂಪನಂಜಪ್ಪ ಸತ್ತವರ ಹಳೆಯ ಗೆಳೆಯ. ಅವರೇ ಫೋನು ಮಾಡಿ, ಕುಂತೂರಿನ ಸಕ್ಕರೆ ಕಾರ್ಖಾನೆಗೆ ಕಬ್ಬು ಹೊಡೆಯುವ ಚನ್ನಬಸವನ ಟ್ರಾಕ್ಟರು ಕರೆಸಿದ್ದರು. ಅವನು ಮರುಮಾತಾಡದೆ ಬಂದಿದ್ದ. ಪುಣ್ಯ ಕಟ್ಟಿಕೊಳ್ಳಲು ಬಂದವನಲ್ಲ. ಅವನ ಅಪ್ಪನ ಫೋಟೊ ಈ ಮನೆಯಲ್ಲಿತ್ತು. ಅಪ್ಪನದು ಅಂತ ಉಳಿದಿದ್ದದ್ದು ಅದೊಂದೇ ಫೋಟೊ. ಹೆಣ ಎತ್ತುವುದರೊಳಗೆ ಕೇಳಿ ಇಸಿದುಕೊಳ್ಳಬೇಕು. ಆದರೆ ಕೇಳಲು ಬಾಯಿ ಏಳುತ್ತಿರಲಿಲ್ಲ. ಸದಾಶಿವಪ್ಪನವರಿಗೆ ಕೊನೆಯ ಸಲ ಅಂದ ಮಾತು ಆ ಬಾಯಲ್ಲೇ ಕಚ್ಚಿಕೊಂಡು ಕೂತಿತ್ತು.

*

ಆರು ತಿಂಗಳ ಹಿಂದೆ ಆ ಫೋಟೊವನ್ನು ಜೇಬಿನಲ್ಲಿಟ್ಟುಕೊಂಡು ಅವನು ಇದೇ ಜಗುಲಿಗೆ ಬಂದಿದ್ದ. ಉಗುರಿನಷ್ಟಗಲದ ಫೋಟೊ. ಅಪ್ಪನ ಕೆಲಸದ ಗುರುತಿನ ಚೀಟಿಯಿಂದ ಕಿತ್ತದ್ದು.

"ನಿಮ್ಮಪ್ಪನ ಎಸರು?" ಎಂದರು ಸದಾಶಿವಪ್ಪ.

"ಪುಟ್ಟಮಾದಪ್ಪ. ದೊಡ್ಡದಾಗಿ ಬರ್ಕೊಡಿ. ಗ್ವಾಡಗ ಆಕ್ಬೇಕು."

ಸದಾಶಿವಪ್ಪ ಫೋಟೊ ನೋಡಿಕೊಂಡು ಕಾಗದದ ಮೇಲೆ ಮುಖದ ಗೀಟು ಎಳೆದರು. ಅದರ ಮೇಲೆ ಗಾಜು ಇಟ್ಟರು. ಸಣ್ಣ ಬ್ರಷ್ಷನ್ನು ಬಿಳಿ ಬಣ್ಣದಲ್ಲಿ ಅದ್ದಿ ಇವನ ಕೈಗೆ ಚಾಚಿದರು.

"ಕಣ್ಣಿಗ ಚುಕ್ಕ ಇಡು."

"ನಾನ್ಯಾಕ ಇಡ್ಲಿ? ಬರಿಯೋರು ನೀವು."

"ಇದು ಗಾಜಿನ ಹಿಂದುಗಡಯಿಂದ ಬರಿಯೋ ಚಿತ್ರ ಕಣಪ್ಪ. ಬ್ಯಾರೆ ಚಿತ್ರದಲ್ಲಿ ಕಡೇಗ ಇಡೋ ಬೆಳಕ ಇಲ್ಲಿ ಮೊದ್ಲು ಇಡ್ಬೇಕು. ಆಮೇಲ ಕಣ್ಣು, ಆಮೇಲ ಮೊಕ. ಮೊದ್ಲು ಇಟ್ಟಿದ್ದೇ ಮುಂದುಗಡಯಿಂದ ಕಾಣ್ತದ. ಆ ಚುಕ್ಕನ ನಾನು ಇಡಂಗಿಲ್ಲ, ಚಿತ್ರ ಬರ್ಸೋರ ಕೈಲೇ ಇಡಿಸ್ತೀನಿ. ಆ ಕಣ್ಣ ನೋಡಿರೋನು ನೀನು, ನಾನಲ್ಲ."

ಆ ಕಣ್ಣು. ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟು ಸ್ಟೇರಿಂಗ್ ಹಿಡಿದ ದಿನದಿಂದ ಅಪ್ಪ ಮಗನಿಗೆ ಮಾತಿರಲಿಲ್ಲ. ಅಪ್ಪ ಆಸ್ಪತ್ರೆ ಸೇರಿದಾಗಲೂ ಇವನು ಬಿಗುಮಾನದಲ್ಲಿ ಒಂದು ಲೋಡು ಮುಗಿಸಿಯೇ ಹೋದ. ಹೋಗುವಷ್ಟರಲ್ಲಿ ತೆರೆದಿದ್ದ ಕಣ್ಣನ್ನು ಸೋದರತ್ತೆ ಮುಚ್ಚುತ್ತಿದ್ದಳು. "ಬಾಗ್ಲನ್ನೇ ನೋಡ್ತಿದ್ದ ಕಣ್ಲಾ," ಅಂದಿದ್ದಳು, ಅಷ್ಟೇ.

ಬ್ರಷ್ಷಿನ ತುದಿ ಕಣ್ಣಿನ ಗೀಟಿನ ಹತ್ತಿರ ಹೋಗಿ ನಿಂತಿತು. ಚನ್ನಬಸವ ಬ್ರಷ್ಷನ್ನು ಕುಕ್ಕಿ ಎದ್ದ.

"ನಂಗ ಪಾಠ ಯೋಳ್ಬೇಡಿ. ಪಾಠ ಬ್ಯಾಡ ಅಂತಾನೇ ಇಸ್ಕೂಲು ಬುಟ್ಟೋನು ನಾನು."

ಫೋಟೊವನ್ನೂ ಅಲ್ಲೇ ಬಿಟ್ಟು ಹೊರಟ. ಆಮೇಲೆ ಸದಾಶಿವಪ್ಪ ಮೂರು ಸಲ ಫೋನು ಮಾಡಿದರು. ಯಾವಾಗ ಬತ್ತೀಯಪ್ಪ, ಗಾಜು ಕಾಯ್ತಾ ಅದ, ಎಂದರು. ಮೂರನೆಯ ಸಲ ಇವನು ಕಿರುಚಿದ: "ಸಾಯೋಗಂಟ ಕಾಯ್ಕಂಡು ಕುಂತಿರಿ."

*

ಜಗುಲಿಯ ಮುಂದೆ ಜನ ಸೇರಿತ್ತು. ಹನೂರಿನಿಂದ ಬೆಳಿಗ್ಗೆಯ ಬಸ್ಸಿಗೇ ಬಂದಿದ್ದ ಪುಟ್ಟಗೌರಮ್ಮ ಸೀರೆಯ ಸೆರಗಿನಲ್ಲಿ ಮೂಗು ಒರೆಸಿಕೊಂಡು, ಹುಲಿ ಸವಾರಿಯ ಮಲೆಮಾದಪ್ಪನನ್ನು ಬರೆಸಿಕೊಂಡ ಕಥೆ ಹೇಳುತ್ತಿದ್ದಳು:

"ಮಾದಪ್ಪನ ಕಣ್ಣಿಗ ಇಡವ್ವ ಅಂದ್ರು. ನನ್ನ ಕೈ ನಡುಗ್ಬುಟ್ಟು ಚುಕ್ಕ ಓಗಿ ಉಲಿ ಕಣ್ಣಿಗ ಬಿತ್ತು. ಅಳ್ತಾ ಕುಂತ್ಕಂಡೆ. ಇರ್ಲಿ ಬುಡವ್ವ, ದಿನಾ ಎಷ್ಟು ಜನದ ಗೋಳು ಕೇಳ್ತಾನ, ಉಲಿ ಎಚ್ಚರಾಗಿರ್ಲಿ, ಮಾದಪ್ಪ ಒಂಚೂರು ಒರಗ್ಲಿ ಅಂದ್ರು. ಇವತ್ಗೂ ನಮ್ಮನ ಮಾದಪ್ಪ ತೂಕಡಿಸ್ತಾನ. ಉಲಿ ಮನ ಕಾಯ್ತದ."

ಅಳುತ್ತಿದ್ದವರು ನಕ್ಕರು. ಒಡೆಯರಪಾಳ್ಯದ ಟಿಬೆಟಿಯನ್ನರ ಕ್ಯಾಂಪಿನಿಂದ ಬಂದಿದ್ದ ಮುದುಕ ದೋರ್ಜೆ, ಸತ್ತವರ ಕೊರಳಿಗೆ ಬಿಳಿ ರೇಷ್ಮೆವಸ್ತ್ರ ಹಾಕಿ ಇಳಿದು ಬಂದ.

"ನಮ್ದು ಬುದ್ಧ ಕಣ್ಣು ಮುಚ್ಚಿದೆ. ಚುಕ್ಕೆ ಎಲ್ಲಿ ಇಡೋದು? ಇವ್ರು ಒಂದು ದಿನ ಪೂರ್ತಿ ಯೋಚ್ನೆ. ಟೀ ಕುಡೀತಾರೆ, ಯೋಚ್ನೆ. ಸಂಜೆ ಹೇಳಿದ್ರು, ಹಣೆ ಮೇಲೆ ಇಡಿ."

"ಎಂಟು ಟೀ," ಎಂದರು ಕೆಂಪನಂಜಪ್ಪ. "ಅವತ್ತು ನಾನೂ ಜೊತ್ಗಿದ್ದೆ. ನಂಗ ನಿದ್ದ ಬರ್ನಿಲ್ಲ."

ಚನ್ನಬಸವನಿಗೂ ನಗು ಬಂತು. ಬಂದದ್ದಕ್ಕೆ ಮತ್ತೆ ಸಿಟ್ಟು ಬಂತು. ಇಷ್ಟೂ ಜನ ಇಟ್ಟ ಒಂದು ಚುಕ್ಕೆ ತನ್ನಿಂದ ಇಡಲಾಗಿರಲಿಲ್ಲ. ಟ್ರೇಲರಿನಿಂದ ಇಳಿದು ನೇರ ಸದಾಶಿವಪ್ಪನ ಹೆಂಡತಿ ಶಿವರತ್ನಮ್ಮನ ಮುಂದೆ ನಿಂತ.

"ಅವ್ವಾ, ನಮ್ಮಪ್ಪನ ಫೋಟೊ..."

"ನೀನೇಯಾ ಪುಟ್ಟಮಾದಪ್ಪನ ಮಗ?" ಶಿವರತ್ನಮ್ಮ ಅವನನ್ನು ಮೇಲಿಂದ ಕೆಳಗೆ ನೋಡಿದರು. "ಸಾಯೋಗಂಟ ಕಾಯಿ ಅಂದೋನು?"

"ನಾನೇಯಾ," ಅಂದ.

"ಎಷ್ಟು ನಗೋರು ಅದ್ಕ. ಆ ಉಡುಗನ ಕ್ವಾಪ ಇಳಿಯೋಗಂಟ ನಾನು ಸಾಯಂಗಿಲ್ಲ ಕಣಮ್ಮಿ ಅನ್ನೋರು. ಮಾತು ತಪ್ಬುಟ್ರು ನೋಡು."

ಒಳಗೆ ಹೋಗಿ ಒಂದು ಹಲಗೆ ತಂದರು. ಹಲಗೆಯ ಮೇಲೆ ಗೀಟಿನ ಕಾಗದ, ಮೂಲೆಗೆ ಚುಚ್ಚಿದ ಆ ಪುಟ್ಟ ಫೋಟೊ, ಅದರ ಮೇಲೆ ಗಾಜು. ಗಾಜಿನ ಮೇಲೆ ಏನೂ ಇರಲಿಲ್ಲ. ಒಂದು ಗೆರೆಯಿಲ್ಲ, ಧೂಳಿನ ಒಂದು ಕಣವಿಲ್ಲ.

"ದಿನಾ ಬೆಳಿಗ್ಗೆ ಒರ್ಸೋರು. ಇವತ್ತು ಬಂದಾನು ಅಂತ. ನೆನ್ನನೂ ಒರ್ಸವ್ರ."

ಚನ್ನಬಸವ ಹಲಗೆ ಇಸಿದುಕೊಂಡ. ಆಮೇಲೆ ಜಗುಲಿಯ ಅಂಚಿನಲ್ಲಿ, ಸದಾಶಿವಪ್ಪನ ಮಗ್ಗುಲಿಗೇ, ಚಕ್ಕಳ ಮಕ್ಕಳ ಹಾಕಿ ಕೂತ. ಶಿವರತ್ನಮ್ಮ ಬಿಳಿ ಬಣ್ಣದ ಮುಚ್ಚಳ ತೆಗೆದು ಕೊಟ್ಟರು. ಅವನು ಬ್ರಷ್ಷು ಅದ್ದಿದ. ಇಟ್ಟ, ಒಂದು. ಉಸಿರು ಬಿಟ್ಟು ಇನ್ನೊಂದು. ಎಡಗಣ್ಣಿನದು ತುಸು ಮೇಲಾಯಿತು, ಯಾರೋ ಬಾಗಿಲಿಗೆ ಬಂದರೆ ತಲೆಯೆತ್ತಿ ನೋಡಿದ ಹಾಗೆ.

"ಚುಕ್ಕ ಇಟ್ಟೆ ಸರಿ," ಎಂದರು ಕೆಂಪನಂಜಪ್ಪ. "ಮಿಕ್ಕಿದ್ದ ಯಾರು ಬರೀತಾರ್ಲಾ?"

"ಅಂಗೇ ಇರ್ಲಿ," ಅಂದ ಚನ್ನಬಸವ, ಫೋಟೊ ಜೇಬಿಗಿಟ್ಟುಕೊಳ್ಳುತ್ತ.

ಸದಾಶಿವಪ್ಪನವರನ್ನು ಒಂದು ಕುರ್ಚಿಗೆ ಕೂರಿಸಿ, ಕುರ್ಚಿಸಮೇತ ಎತ್ತಿ ಟ್ರೇಲರಿನ ನಡುವೆ ಇಟ್ಟು ಕಟ್ಟಿದರು. ಹಲಗೆಯಿಂದ ಎತ್ತಿಕೊಂಡ ಗಾಜಿನ ಚುಕ್ಕೆ ಇನ್ನೂ ಹಸಿ, ಎಲ್ಲೂ ಇಡುವಂತಿರಲಿಲ್ಲ. "ತತ್ತಾ ಇಲ್ಲಿ, ಇವತ್ತು ನನ್ನ ಕೈ ನಡುಗಲ್ಲ," ಎಂದು ಪುಟ್ಟಗೌರಮ್ಮ ಟ್ರೇಲರ್ ಹತ್ತಿ ಮುಂಭಾಗದಲ್ಲಿ ಕೂತು, ಗಾಜಿನ ಎರಡು ಅಂಚನ್ನು ಅಂಗೈಯಲ್ಲಿ ಒತ್ತಿ ನೆಟ್ಟಗೆ ಹಿಡಿದುಕೊಂಡಳು.

ಟ್ರಾಕ್ಟರು ಹೊರಟಿತು. ಖಾಲಿ ಟ್ರೇಲರನ್ನು ಕುಣಿಸಿಕೊಂಡು ಓಡಿಸುವ ಹುಡುಗ ಚನ್ನಬಸವ; ಕಾಲು ತನ್ನಷ್ಟಕ್ಕೆ ಆಕ್ಸಿಲರೇಟರ್ ಒತ್ತಿತು. ಕಾಲುವೆಯ ತಿರುವಿನಲ್ಲಿ ಹಿಂದಿರುಗಿ ನೋಡಿದ. ಗಾಜೇ ಕಾಣದೆ, ಬಯಲಿನಲ್ಲಿ ತೇಲಿದಂತೆ ಎರಡು ಬಿಳಿ ಚುಕ್ಕೆ. ರಸ್ತೆ ಕುಲುಕಿದಂತೆ ಅವು ತೆಂಗಿನ ಸಾಲಿನ ಮೇಲೆ ಹಾದವು, ಹಿಂದೆ ಕುರ್ಚಿ ಹಿಡಿದು ನಿಂತಿದ್ದ ದೋರ್ಜೆಯ ಸುಕ್ಕುಮುಖದ ಮೇಲೆ ಹಾದವು. ತಿರುವು ಮುಗಿದು ದಾರಿ ನೇರವಾದಾಗ, ಗಾಜಿನ ಆಚೆ ಕೂತಿದ್ದ ಸದಾಶಿವಪ್ಪನವರ ಮುಚ್ಚಿದ ಕಣ್ಣುಗಳ ಮೇಲೆ ಬಂದು ನಿಂತವು.

ಚನ್ನಬಸವ ಗೇರು ಇಳಿಸಿದ.